ಟೋಫು ಹಬ್ಬದ ಮಳಿಗೆಗೆ ನಾನು ಟೋಫು ಮಾಡಿದ್ದು

ಲಾಸ್ ಏಂಜಲೀಸ್ ನಗರದ ಲಿಟಲ್ ಟೋಕಿಯೋ ಬಡಾವಣೆಯಲ್ಲಿ 1996ರಲ್ಲಿ ಆರಂಭವಾದ ಟೋಫು ಹಬ್ಬವು, ಅಲ್ಲಿನ ಲಿಟಲ್ ಟೋಕಿಯೋ ಸರ್ವಿಸ್ ಸೆಂಟರ್ ಎಂಬ ಸಮಾಜಸೇವಾ ಸಂಸ್ಥೆಗೆ ನಿಧಿ ಕೂಡಿಸಲು ಬೇಸಿಗೆಯಲ್ಲಿ ನಡೆಯುತ್ತಿದ್ದ ಹಬ್ಬ. ಆ ಊರಿನಲ್ಲಿ ನೆಲೆಸಿದ್ದ ಕಾಲದಲ್ಲಿ ಒಂದು ವರ್ಷ ನಾನೂ ಮಳಿಗೆಯೊಂದರ ಅಡುಗೆಗೆ ಸ್ವಯಂಸೇವಕಿಯಾಗಿ ಸೇರಿಕೊಂಡೆ.

ಟೋಫು ಎಂದರೆ ಸೋಯಾ ಹಾಲಿನ ಪನೀರ್ ಎಂದೇ ನಾನು ತಿಳಿದಿದ್ದೆ. ಅಂಗಡಿಯ ಟೋಫುವನ್ನು ತುಂಡು ಮಾಡಿ ಮಸಾಲೆಗೆ ಹಾಕಿದಾಗ ಅದು ನೀರು ಬಿಟ್ಟು ಗೊಜ್ಜೆಲ್ಲ ತೆಳ್ಳಗಾಯಿತು. ತುಂಡಿನ ಒಳಗೆ ಉಪ್ಪೂ ಹಿಡಿದಿರಲಿಲ್ಲ. ನಮ್ಮೊಂದಿಗಿದ್ದ ಜಪಾನಿ ಮೂಲದ ಅಜ್ಜಿಯೊಬ್ಬರು ರುಚಿ ನೋಡಿ, ಮೊದಲು ಟೋಫುವನ್ನೇ ಮಾಡಲು ಕಲಿಯಿರಿ, ಮಸಾಲೆಯ ಮಾತು ಆಮೇಲೆ ಎಂದರು.

ಒಂದು ಕಿಲೋ ಸೋಯಾ ಅವರೆಯನ್ನು ರಾತ್ರಿಯಿಡೀ ನೆನೆಸಿದೆವು. ಕಾಳು ನೆಂದಿದೆಯೇ ಎಂದು ತಿಳಿಯಲು ಅಜ್ಜಿ ಒಂದನ್ನು ಉಗುರಿನಿಂದ ಎರಡಾಗಿ ಬಿಡಿಸಿ ತೋರಿಸಿದರು: ಬೇಳೆಯ ಒಳಮೈ ಸಮತಟ್ಟಾಗಿರಬೇಕು, ನಡುವೆ ಹಳದಿ ಗುಳಿ ಉಳಿದಿದ್ದರೆ ಇನ್ನೂ ನೆನೆಯಬೇಕು. ನುಣ್ಣಗೆ ರುಬ್ಬಿ, ನೀರು ಸೇರಿಸಿ ಕುದಿಸುವಾಗ ನೊರೆ ಉಕ್ಕಿ ಬರುತ್ತದೆ, ಪಾತ್ರೆಯನ್ನು ಬಿಟ್ಟು ಅತ್ತಿತ್ತ ಹೋಗುವಂತಿಲ್ಲ. ಹಸಿ ಸೋಯಾದಲ್ಲಿ ಜೀರ್ಣಕ್ಕೆ ಅಡ್ಡಿಯಾಗುವ ಅಂಶವಿರುವುದರಿಂದ ಹಸಿ ವಾಸನೆ ಪೂರ್ತಿ ಹೋಗುವವರೆಗೆ ಕುದಿಸಲೇಬೇಕು. ಬಳಿಕ ಬಟ್ಟೆಯಲ್ಲಿ ಸೋಸಿ ಹಿಂಡಿದೆವು.

ನಾನು ತಪ್ಪಿದ್ದು ಹೆಪ್ಪುಗಟ್ಟಿಸುವಾಗ. ಸಮುದ್ರದ ನೀರಿನಿಂದ ಉಪ್ಪು ತೆಗೆದ ಮೇಲೆ ಉಳಿಯುವ ನಿಗಾರಿಯನ್ನು, ಅಂದರೆ ಬಹುಪಾಲು ಮೆಗ್ನೀಸಿಯಂ ಕ್ಲೋರೈಡನ್ನು, ಸುಮಾರು 20 ಗ್ರಾಂ ಬೆಚ್ಚನೆಯ ನೀರಿನಲ್ಲಿ ಕರಗಿಸಿ, 75ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದ ಹಾಲಿಗೆ ಹಾಕಿದೆ. ಮನೆಯಲ್ಲಿ ಹಾಲು ಒಡೆಸುವ ಅಭ್ಯಾಸದಂತೆ ಸೌಟು ತಿರುಗಿಸುತ್ತಲೇ ಇದ್ದುದರಿಂದ ಹೆಪ್ಪು ರವೆರವೆಯಾಗಿ, ಒತ್ತಿದರೂ ಗಟ್ಟಿಯಾಗಿ ಕೂಡಿಕೊಳ್ಳಲಿಲ್ಲ. ಎರಡನೆಯ ಸಲ ಅಜ್ಜಿ ನನ್ನ ಕೈ ಹಿಡಿದರು. ನಿಗಾರಿಯನ್ನು ಮೂರು ಬಾರಿ ಹಾಕಿ, ಸುತ್ತುತ್ತಿದ್ದ ಹಾಲಿಗೆ ಸೌಟನ್ನು ಅಡ್ಡ ಹಿಡಿದು ನಿಲ್ಲಿಸಿ, ಮುಚ್ಚಳ ಮುಚ್ಚಿ ಹದಿನೈದು ನಿಮಿಷ ಮುಟ್ಟದೆ ಬಿಟ್ಟೆವು. ಮುಚ್ಚಳ ತೆಗೆದಾಗ ಬಿಳಿ ಮೋಡದಂಥ ಹೆಪ್ಪಿನ ಸುತ್ತ ತಿಳಿ ಹಳದಿ ನೀರು ನಿಂತಿತ್ತು. ನೀರು ಇನ್ನೂ ಹಾಲುಬಣ್ಣದಲ್ಲಿದ್ದರೆ ಮಾತ್ರ ಇನ್ನಷ್ಟು ನಿಗಾರಿ ಬೇಕು. ಬಟ್ಟೆ ಹಾಸಿದ ಅಚ್ಚಿಗೆ ತುಂಬಿ ಅರ್ಧ ಗಂಟೆ ಭಾರವಿಟ್ಟ ಮೇಲೆ, ಅಂಚಿನ ಬಿಸಿ ತುಂಡಿಗೆ ಉಪ್ಪು ಹಚ್ಚಿ ಬಾಯಿಗಿಟ್ಟುಕೊಂಡೆ. ಅದರಲ್ಲಿ ಕಾಳಿನದೇ ಸಿಹಿಯಿತ್ತು, ನಮ್ಮ ಕಡೆಯ ಅವರೆಯ ಸೊಗಡನ್ನು ನೆನಪಿಸುವ ಪರಿಮಳವಿತ್ತು. ಅಷ್ಟು ದಿನ ನಾನು ಸಪ್ಪೆ ಎಂದುಕೊಂಡಿದ್ದ ಪದಾರ್ಥ ಇದೇ ಎಂದು ನಂಬುವುದು ಕಷ್ಟವಾಯಿತು.

ಆದ್ದರಿಂದ ಹಬ್ಬಕ್ಕೆ ತಾಜಾ ಟೋಫುವನ್ನು ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿಯ ಎಣ್ಣೆ ಒಗ್ಗರಣೆಯೊಂದನ್ನೇ ಮೇಲೆ ಹಾಕಿ ಕೊಡಲು ನಿರ್ಧರಿಸಿದೆ. ಮಸಾಲೆಗೆ ಬೇರೆ ದಾರಿಯಿತ್ತು: ಟೋಫುವನ್ನು ಹೆಪ್ಪುಗಟ್ಟುವಂತೆ ಫ್ರೀಜರಿನಲ್ಲಿಟ್ಟು, ಕರಗಿಸಿ, ಅಂಗೈಗಳ ನಡುವೆ ಹಿಂಡಿದರೆ ಒಳಗೆಲ್ಲ ಸಣ್ಣ ರಂಧ್ರಗಳಾಗಿ ಅದು ಸ್ಪಂಜಿನಂತೆ ರಸ ಹೀರುತ್ತದೆ. ಜಪಾನಿನಲ್ಲಿ ಚಳಿಗಾಲದ ಹಿಮದಲ್ಲಿ ಹೀಗೆಯೇ ಮಾಡಿ ಒಣಗಿಸಿಟ್ಟುಕೊಳ್ಳುವ ಪದ್ಧತಿಯಿದೆ. ಬಟ್ಟೆಯಲ್ಲಿ ಉಳಿದ ಚರಟವನ್ನು, ಅವರು ಒಕಾರಾ ಎನ್ನುವುದನ್ನು, ತರಿತರಿಯಾಗಿ ರುಬ್ಬಿದ ಕಡಲೆಬೇಳೆಗೆ ಸೇರಿಸಿ ಆಂಬೊಡೆ ಕರಿದೆ.

ಹಬ್ಬದ ದಿನ ಬಿಸಿಲು ಜೋರಾಗಿದ್ದುದರಿಂದ ಟೋಫು ಕೆಡದಂತೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಬೇಕಾದಷ್ಟನ್ನೇ ಹೊರತೆಗೆದು ಒಗ್ಗರಣೆ ಹಾಕುತ್ತಿದ್ದೆವು. ಮೊದಲು ಖಾಲಿಯಾದದ್ದು ಆಂಬೊಡೆ. ಅಜ್ಜಿ ಮಾತ್ರ ಒಗ್ಗರಣೆಯ ಟೋಫುವನ್ನೇ ಕೇಳಿ ಪಡೆದು, ಕರಿಬೇವಿನ ಎಲೆಯನ್ನೂ ಬಿಡದೆ ತಿಂದು, ತಟ್ಟೆಯನ್ನು ಮತ್ತೆ ನನ್ನ ಮುಂದೆ ಚಾಚಿದರು.