ಪಂಚಾಯಿತಿಯ ಬರ ಯೋಜನೆಯಲ್ಲಿ ಹೆಂಗಸರ ಬೇಡಿಕೆ ಸೇರಿಸುವ ಬಗೆ

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ತುಮಕೂರಿನ ಪಾವಗಡ, ಮಧುಗಿರಿ ಸೀಮೆಯ ಪಾಡೂ ಹೆಚ್ಚು ಬೇರೆಯಲ್ಲ. ಮಳೆ ಕೈಕೊಟ್ಟು ಕೊಳವೆಬಾವಿ ಬತ್ತಿದ ವರ್ಷ ನೀರು ಹೊರುವವರು, ದನಕ್ಕೆ ಮೇವು ಹೊಂದಿಸುವವರು, ಗಂಡಸರು ಬೆಂಗಳೂರಿಗೆ ಕೂಲಿಗೆ ಹೋದ ಮೇಲೆ ಹೊಲ ನೋಡಿಕೊಳ್ಳುವವರು ಹೆಂಗಸರೇ ಆದರೂ, ಯಾವ ಕೆರೆಯ ಹೂಳು ತೆಗೆಯಬೇಕು, ಚೆಕ್ ಡ್ಯಾಂ ಎಲ್ಲಿ ಬರಬೇಕು ಎಂಬ ತೀರ್ಮಾನದಲ್ಲಿ ಅವರ ಮಾತು ನಡೆಯುವುದು ಅಪರೂಪ. ಹವಾಮಾನ ಬದಲಾವಣೆ ಕುರಿತ 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿ ಲಿಂಗ ಸಮಾನತೆ ಮತ್ತು ಮಹಿಳಾ ಸಬಲೀಕರಣದ ಪ್ರಸ್ತಾಪವಿದೆ. ಅದು ಊರಿಗೆ ಇಳಿಯಬೇಕಾದರೆ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಒಂದು ಕಾಮಗಾರಿಯಾಗಿ, ಒಂದು ಸಾಲಾಗಿ ಬರೆಯಲ್ಪಡಬೇಕು. ಸ್ತ್ರೀಶಕ್ತಿ ಅಥವಾ ಸಂಜೀವಿನಿಯಂಥ ಹೆಂಗಸರ ಸ್ವಸಹಾಯ ಸಂಘವೊಂದು ಅದನ್ನು ಸಾಧಿಸುವ ದಾರಿಯನ್ನು ಇಲ್ಲಿ ವಿವರಿಸಿದೆ.

ಮೊದಲ ಕೆಲಸ ಸಂಘದ ವಾರದ ಸಭೆಯಲ್ಲಿಯೇ ಆಗಬೇಕು. ಬೇಸಿಗೆ, ಬಿತ್ತನೆ, ಸುಗ್ಗಿ ಈ ಮೂರು ಕಾಲಗಳಲ್ಲಿ ಒಬ್ಬೊಬ್ಬರ ದಿನ ಹೇಗೆ ಕಳೆಯುತ್ತದೆ, ನೀರಿಗೆ ಎಷ್ಟು ಹೊತ್ತು, ಮೇವಿಗೆ ಎಷ್ಟು ಹೊತ್ತು ಎಂಬುದನ್ನು ಬರೆದಿಡಿ. 2023ರ ಬರದಲ್ಲಿ ಅದು ಹೇಗೆ ಬದಲಾಯಿತು ಎಂಬುದನ್ನು ಪಕ್ಕದಲ್ಲಿ ನಮೂದಿಸಿ. ಭೂಮಿ ಇಲ್ಲದ ಕೂಲಿ ಹೆಂಗಸರ ಮತ್ತು ದಲಿತ ಕೇರಿಯ ಹೆಂಗಸರ ಪಟ್ಟಿ ಬೇರೆಯೇ ಇರಲಿ. ಅವರ ಕಷ್ಟ ಊರಿನ ಒಟ್ಟು ಲೆಕ್ಕದಲ್ಲಿ ಕರಗಿಹೋದರೆ ಬೋರ್‌ವೆಲ್ ಇರುವ ಮನೆಗಳ ಬೇಡಿಕೆಯೇ ಎಲ್ಲರ ಬೇಡಿಕೆಯಾಗಿಬಿಡುತ್ತದೆ.

ಆ ಬಳಿಕ ದೂರನ್ನು ಕಾಮಗಾರಿಯ ಮಾತಿಗೆ ತಿರುಗಿಸಬೇಕು. ಇದೇ ಎಲ್ಲಕ್ಕಿಂತ ಕಷ್ಟದ ಹಂತವೆಂದು ನನ್ನ ಅಭಿಪ್ರಾಯ. "ನಮಗೆ ನೀರಿಲ್ಲ" ಎಂದರೆ ಪಂಚಾಯಿತಿ ಟ್ಯಾಂಕರ್ ಕಳಿಸಿ ಕೈತೊಳೆದುಕೊಳ್ಳಬಹುದು. ಇಂಥ ಸರ್ವೆ ನಂಬರಿನ ಗೋಕಟ್ಟೆಯ (ದನಗಳು ನೀರು ಕುಡಿಯುವ ಕಟ್ಟೆಯ) ಹೂಳೆತ್ತಬೇಕು, ಕೆರೆಗೆ ನೀರು ತರುವ ರಾಜಕಾಲುವೆಯ ಒತ್ತುವರಿ ತೆರವಾಗಬೇಕು, ಹಳೆಯ ಕಲ್ಯಾಣಿ ದುರಸ್ತಿಯಾಗಬೇಕು ಎಂದು ಜಾಗದ ಸಮೇತ ಬರೆದುಕೊಟ್ಟರೆ ಅದು ಕ್ರಿಯಾ ಯೋಜನೆಗೆ ಸೇರುವಂಥ ಬೇಡಿಕೆಯಾಗುತ್ತದೆ. ಅಕ್ಕಡಿ ಸಾಲಿನ, ಅಂದರೆ ಮುಖ್ಯ ಬೆಳೆಯ ನಡುವೆ ಬಿತ್ತುವ ಸಾಲಿನ ಅವರೆ, ಅಲಸಂದೆ, ಹುಚ್ಚೆಳ್ಳಿನ ಬೀಜವನ್ನು ಮನೆಯಲ್ಲಿ ಉಳಿಸಿಕೊಂಡು ಬಂದವರು ಹೆಂಗಸರೇ ಆದ್ದರಿಂದ, ಬೀಜ ಸಂಗ್ರಹಕ್ಕೊಂದು ಕೊಠಡಿಯನ್ನೂ ಕೇಳಬಹುದು.

ಬೇಡಿಕೆ ಸಲ್ಲಿಸುವ ಮೊದಲ ಜಾಗ ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ. ಮುಂದಿನ ವರ್ಷದ ಯೋಜನೆಯ ತಯಾರಿ ಸಾಮಾನ್ಯವಾಗಿ ಅಕ್ಟೋಬರ್ 2ರ ಸುಮಾರಿಗೆ ಆರಂಭವಾಗುವುದರಿಂದ ಪಟ್ಟಿ ಸೆಪ್ಟೆಂಬರಿನಲ್ಲಿಯೇ ಸಿದ್ಧವಿರಲಿ. ಗ್ರಾಮ ಸಭೆಗೆ ಮೊದಲು ಮಹಿಳಾ ಗ್ರಾಮ ಸಭೆ ನಡೆಸುವಂತೆ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಪಿಡಿಒಗೆ, ಲಿಖಿತ ಮನವಿ ಕೊಡಿ. ಹಾಲು ಕರೆದು ಡೇರಿಗೆ ಹಾಕುವ ಹೊತ್ತಿಗೆ ಸಭೆ ಇಡಬಾರದೆಂದೂ ಅದರಲ್ಲಿಯೇ ಬರೆಯಿರಿ. ಇದು ಸಣ್ಣ ವಿಷಯವೆಂದು ಕಾಣಬಹುದು, ಆದರೆ ಈ ಜಿಲ್ಲೆಗಳಲ್ಲಿ ಸಭೆಗೆ ಹೆಂಗಸರು ಬರುವುದೂ ಬಾರದಿರುವುದೂ ಬಹುಪಾಲು ಇದರ ಮೇಲೆಯೇ ನಿಂತಿದೆ. ಕರ್ನಾಟಕದಲ್ಲಿ ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಸದಸ್ಯೆಯ ಬದಲು ಆಕೆಯ ಗಂಡ ಬಂದು ಕುಳಿತಿದ್ದರೆ, ಸದಸ್ಯೆಯೇ ಉತ್ತರಿಸಲೆಂದು ಸಂಘದವರು ವಿನಯದಿಂದ, ಆದರೆ ಬಿಡದೆ ಕೇಳಬೇಕು.

ಕುಡಿಯುವ ನೀರಿನ ವಿಷಯದಲ್ಲಿ ನಿಯಮ ಹೆಂಗಸರ ಪರವಾಗಿಯೇ ಇದೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರಕಾರ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು, ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಸಿಗಬೇಕು. ಕೊಳವೆಬಾವಿ ಆಳಕ್ಕಿಳಿದಷ್ಟೂ ಫ್ಲೋರೈಡ್ ಕಾಟ ಹೆಚ್ಚುವ ನಮ್ಮ ಸೀಮೆಯಲ್ಲಿ ಈ ತರಬೇತಿ ಅಲಂಕಾರದ್ದಲ್ಲ: ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ತುಂಬುತ್ತಿರುವ ಕೋಲಾರದ ಕೆರೆಗಳ ಸುತ್ತಲಿನ ಊರುಗಳಲ್ಲಿ, ಬಾವಿಗಳ ನೀರನ್ನು ಕಿಟ್‌ಗೆ ಮಾತ್ರ ಬಿಡದೆ ಪ್ರಯೋಗಾಲಯಕ್ಕೂ ಕಳಿಸುವಂತೆ ಸಮಿತಿ ಪಟ್ಟು ಹಿಡಿಯಬೇಕು.

ಇಷ್ಟೆಲ್ಲ ಆದರೂ ಪಹಣಿಯಲ್ಲಿ ಹೆಸರಿಲ್ಲದ ಹೆಂಗಸಿಗೆ ಬೆಳೆ ಪರಿಹಾರ, ಬೆಳೆ ವಿಮೆ ದಕ್ಕುವುದು ಕಷ್ಟ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದನ್ನು ಇನ್ನೊಂದು ಬಗೆಯಲ್ಲಿ ತೋರಿಸಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಭೂಮಾಲೀಕರಿಗೆ ಸೇರಿತು. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಭೂರಹಿತ ಹೆಂಗಸರಿಗೆ ಆ ಗುತ್ತಿಗೆಯಲ್ಲಿ ಪಾಲಿರಲಿಲ್ಲ. ಆದ್ದರಿಂದ ಗಂಡ ಅಥವಾ ತಂದೆ ತೀರಿಕೊಂಡ ಮನೆಗಳನ್ನು ಸಂಘವೇ ಗುರುತಿಸಿ, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹಾಕಿಸಬೇಕು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಸಮಪಾಲನ್ನು ಕರ್ನಾಟಕ 1994ರಲ್ಲಿಯೇ ಕಾನೂನಾಗಿಸಿತ್ತು, 2005ರಲ್ಲಿ ಅದು ದೇಶಕ್ಕೆಲ್ಲ ಅನ್ವಯವಾಯಿತು. ಕೃಷಿಯನ್ನೇ ನಂಬಿ ತವರಿನಲ್ಲಿರುವ ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತನ್ನು ಮೆಲ್ಲಗಾದರೂ ಎತ್ತುವುದು ಸಂಘದ ಜವಾಬ್ದಾರಿ.

ಸಭೆ ಮುಗಿದ ಮೇಲೆ ಬೇಡಿಕೆಗಳು ನಡವಳಿ ಪುಸ್ತಕದಲ್ಲಿ ದಾಖಲಾಗಿವೆಯೇ ಎಂದು ಓದಿಸಿ ಕೇಳಿದ ನಂತರವೇ ಸಹಿ ಹಾಕಿ. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಬೇಡಿ. ನಡವಳಿಯ ಪ್ರತಿ ಕೊಡಲು ಹಿಂದೇಟು ಹಾಕಿದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. 30 ದಿನಗಳೊಳಗೆ ಉತ್ತರ ಬರಬೇಕು.