ಪಂಚಾಯತಿ ಪಾಠವನ್ನು ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಟ್ಟಾಗ: ನನ್ನ ಅನುಭವ

ಗುಂಪು ಚಟುವಟಿಕೆ ಅಂದರೆ ಏನಾಗುತ್ತದೆ ಅಂತ ಪಾಠ ಮಾಡುವ ಎಲ್ಲರಿಗೂ ಗೊತ್ತು. ಚುರುಕಾದ ಹುಡುಗಿ ಬರೆಯುತ್ತಾಳೆ, ಇನ್ನೊಬ್ಬ ಚಾರ್ಟಿಗೆ ಬಣ್ಣ ಹಚ್ಚುತ್ತಾನೆ, ಉಳಿದವರು ಸುಮ್ನೆ ಕೂತಿರುತ್ತಾರೆ. ಕಾರವಾರದ ಹತ್ತಿರ ಕಡಲಂಚಿನ ನಮ್ಮ ಶಾಲೆಯಲ್ಲಿ ಹಾಗೆ ಕೂರುವವರು ಹೆಚ್ಚಾಗಿ ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳು. ವಿಷಯ ಗೊತ್ತಿರುತ್ತದೆ, ಎದ್ದು ನಿಂತು ಕನ್ನಡದಲ್ಲಿ ಹೇಳಲು ಹಿಂಜರಿಕೆ. ಅದಕ್ಕೇ ಸ್ಥಳೀಯ ಸರಕಾರದ ಪಾಠಕ್ಕೆ ನಾನು ಜಿಗ್‌ಸಾ ಪದ್ಧತಿ ಹಿಡಿದೆ.

ಇದನ್ನು 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ರೂಪಿಸಿದವರು ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ ಮತ್ತು ಅವರ ವಿದ್ಯಾರ್ಥಿಗಳು. ಆಗಷ್ಟೇ ಬೇರೆ ಬೇರೆ ಜನಾಂಗದ ಮಕ್ಕಳು ಒಂದೇ ತರಗತಿಗೆ ಬಂದಿದ್ದರು, ಜಗಳ ಜಾಸ್ತಿಯಾಗಿತ್ತು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೆ ಪಕ್ಕದವರ ಮಾತು ಕೇಳದೆ ಬೇರೆ ದಾರಿಯೇ ಇಲ್ಲ. ಉಪಾಯ ಇಷ್ಟೇ.

ನಾನು ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿದೆ. ಪಾಠವೂ ನಾಲ್ಕು ತುಂಡು: ಚುನಾವಣೆ ಮತ್ತು ಮೀಸಲಾತಿ, ಗ್ರಾಮಸಭೆ, ತೆರಿಗೆ ಮತ್ತು ಹಣ, ಪಂಚಾಯತಿಯ ಕೆಲಸಗಳು. ಪುಸ್ತಕ ಮುಚ್ಚಿಸಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡಿನ ಚೀಟಿ ಕೊಟ್ಟೆ. ಬೇರೆ ಬೇರೆ ಗುಂಪುಗಳಲ್ಲಿ ಅದೇ ತುಂಡಿನ ಚೀಟಿ ಸಿಕ್ಕವರು ಮೊದಲು ಒಟ್ಟಿಗೆ ಕೂತು ಓದಿ, ಹೇಗೆ ಹೇಳಿಕೊಡಬೇಕು ಅಂತ ಮಾತಾಡಿಕೊಳ್ಳಬೇಕು, ಆಮೇಲೆ ತಮ್ಮ ತಮ್ಮ ಗುಂಪಿಗೆ ವಾಪಸ್ ಹೋಗಿ ಕಲಿಸಬೇಕು. ಈ ಮೊದಲ ಹಂತವನ್ನು ಅವಸರ ಮಾಡಬೇಡಿ. ಹಿಂಜರಿಯುವ ಮಕ್ಕಳು ಧೈರ್ಯ ಕೂಡಿಸಿಕೊಳ್ಳುವುದೇ ಅಲ್ಲಿ.

ತೆರಿಗೆ ಚೀಟಿ ಸಿಕ್ಕಿದ್ದು ತರಗತಿಯಲ್ಲಿ ಬಾಯೇ ಬಿಡದ ಹುಡುಗಿಗೆ. ತಾಯಿ ಮೀನು ಮಾರುತ್ತಾರೆ. ಮರುದಿನ ಅವಳು ಮನೆಯ ಘರಪಟ್ಟಿ, ಅಂದರೆ ಮನೆ ತೆರಿಗೆಯ ರಸೀದಿ ತಂದಳು! ಜೊತೆಯವಳಿಗೆ ಮೊದಲು ಕೊಂಕಣಿಯಲ್ಲಿ ಹೇಳಿ, ಆಮೇಲೆ ಬೆರಳಿಟ್ಟು ತೋರಿಸುತ್ತಾ ಕನ್ನಡದಲ್ಲಿ ಗುಂಪಿಗೆಲ್ಲ ಹೇಳಿದಳು: ಇದು ಮನೆಯದ್ದು, ಇದು ನೀರಿನದ್ದು. ಗುಂಪಿನ ಜಾಣ ಹುಡುಗ ಅವಳನ್ನೇ ಮತ್ತೆ ಮತ್ತೆ ಕೇಳುತ್ತಿದ್ದ. ಅವನ ಹತ್ತಿರ ಆ ಚೀಟಿ ಇರಲಿಲ್ಲ ಅಲ್ವಾ?

ಇನ್ನೊಂದು ಗುಂಪಿನಲ್ಲಿ ಜೋರು ವಾದ. ಗ್ರಾಮಸಭೆ ಅಂದರೆ ಆರಿಸಿ ಬಂದ ಸದಸ್ಯರ ಮೀಟಿಂಗ್ ಅಂತ ಒಬ್ಬನ ಹಟ. ಇದು ದೊಡ್ಡವರಿಗೂ ಇರುವ ಗೊಂದಲ. ಗ್ರಾಮಸಭೆಯ ಚೀಟಿ ಓದಿದವಳು ಬಿಡಲಿಲ್ಲ: "ನಿನ್ನ ಅಜ್ಜಿಗೆ ವೋಟಿದೆಯಲ್ಲ, ಹಾಗಾದರೆ ಗ್ರಾಮಸಭೆಯಲ್ಲಿ ಅವರೂ ಇದ್ದಾರೆ." ನಾನು ವಿವರಿಸಿದ್ದರೆ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಕರ್ನಾಟಕದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು ಅಂತ ಚುನಾವಣೆ ಚೀಟಿಯವನು ಹೇಳಿದಾಗ ಹುಡುಗಿಯರೆಲ್ಲ ಚಪ್ಪಾಳೆ ಹೊಡೆದರು.

ಗಲಾಟೆ ಆಗುತ್ತದೆ, ಆಗಲಿ. ಆದರೆ ಕೊನೆಗೆ ಒಂದು ಪುಟ್ಟ ಪರೀಕ್ಷೆ ಬೇಕೇ ಬೇಕು, ಅದನ್ನು ಒಬ್ಬೊಬ್ಬರೇ ಬರೆಯಬೇಕು. ನಾನು ಪ್ರತಿ ಮಗುವಿಗೂ ತಾನು ಓದದ ತುಂಡುಗಳಿಂದಲೇ ಪ್ರಶ್ನೆ ಕೊಡುತ್ತೇನೆ. ಗೆಳತಿ ಸರಿಯಾಗಿ ಹೇಳಿಕೊಟ್ಟಳಾ, ಇವಳು ಕಿವಿಗೊಟ್ಟು ಕೇಳಿದಳಾ, ಎರಡೂ ಅದರಲ್ಲೇ ಗೊತ್ತಾಗುತ್ತದೆ.

ಈಗ ಎಲ್ಲರೂ ಮಕ್ಕಳ ಗ್ರಾಮಸಭೆಗೆ, ಅಂದರೆ ಮಕ್ಕಳೇ ಪಂಚಾಯತಿಯವರನ್ನು ಪ್ರಶ್ನೆ ಕೇಳುವ ಸಭೆಗೆ, ಪ್ರಶ್ನೆ ಬರೆಯುತ್ತಿದ್ದಾರೆ. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದೆ, ಅದೇ ಮೊದಲ ಪ್ರಶ್ನೆ. ಎದ್ದು ಕೇಳುವವರು ಯಾರು ಅಂತ ಅವತ್ತೇ ಚೀಟಿ ಎತ್ತುತ್ತೇವೆ, ಹಾಗಾಗಿ ಎಲ್ಲರೂ ತಯಾರಾಗುತ್ತಿದ್ದಾರೆ.