ಕೂಡಿದ ಬೆರಳು ಕಂಡರೆ ತಲೆಯನ್ನೂ ಮುಟ್ಟಿ ನೋಡಿ: ಅಪರ್ಟ್ ಸಿಂಡ್ರೋಮ್ ಗುರುತಿಸುವ ಕ್ರಮ

ಹುಟ್ಟಿದ ಮಗುವಿನ ಬೆರಳುಗಳು ಕೂಡಿಕೊಂಡಿದ್ದರೆ ಕೈಯನ್ನಷ್ಟೇ ನೋಡಿ ಸುಮ್ಮನಾಗಬೇಡಿ. ಬೆರಳುಗಳೂ ತಲೆಬುರುಡೆಯ ಮೂಳೆಗಳೂ ಹುಟ್ಟುವಾಗಲೇ ಬೆಸೆದಿರುವ ಅಪರ್ಟ್ ಸಿಂಡ್ರೋಮ್ ಸುಮಾರು 65,000ದಿಂದ 88,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಕೊಡಗಿನ ಆಶಾ ಕಾರ್ಯಕರ್ತೆಗೋ ನರ್ಸ್‌ಗೋ ಇಡೀ ಸೇವೆಯಲ್ಲಿ ಒಂದೂ ಎದುರಾಗದಿರಬಹುದು. ಎದುರಾದ ದಿನ ಗುರುತು ತಪ್ಪಬಾರದು.

ಮೊದಲು ಕೈ. ತೋರು, ನಡು, ಉಂಗುರ ಬೆರಳುಗಳು ಎರಡೂ ಕೈಗಳಲ್ಲಿ ಒಂದಾಗಿರುತ್ತವೆ. ಬರೀ ಚರ್ಮವಲ್ಲ, ಒಳಗೆ ಮೂಳೆಯೂ ಕೂಡಿರುತ್ತದೆ, ಕೆಲವೊಮ್ಮೆ ಮೂರಕ್ಕೂ ಸೇರಿ ಒಂದೇ ಉಗುರು. ಹೆಬ್ಬೆರಳು ಗಿಡ್ಡ, ಹೊರಕ್ಕೆ ವಾಲಿದ್ದು. ಕಾಲ್ಬೆರಳುಗಳೂ ಹೀಗೆಯೇ. ಕೈಕಾಲು ಸರಿಯಿದ್ದು ತಲೆ, ಮುಖದ ಆಕಾರ ಮಾತ್ರ ಬೇರೆಯಾಗಿದ್ದರೆ ಇದೇ ಬಗೆಯ ಕ್ರೂಜಾನ್ ಸಿಂಡ್ರೋಮ್ ಇರಬಹುದು. ಮಿಕ್ಕ ಬೆರಳುಗಳ ಮೂಳೆ ಹೀಗೆ ಕೂಡಿರದೆ ಹೆಬ್ಬೆರಳು ಅಗಲವಾಗಿದ್ದರೆ ಫೈಫರ್ ಸಿಂಡ್ರೋಮ್ ಇರಬಹುದು.

ಆಮೇಲೆ ತಲೆ. ಒಂದು ಕಿವಿಯ ಮೇಲಿನಿಂದ ನೆತ್ತಿ ದಾಟಿ ಇನ್ನೊಂದು ಕಿವಿಯವರೆಗೆ ಬೆರಳಾಡಿಸಿ. ಬುರುಡೆಯ ಮೂಳೆಗಳು ಸೇರುವ ಕೂಡುಗೆರೆ ಅವಧಿಗೆ ಮುನ್ನ ಬೆಸೆದಿದ್ದರೆ ಅಲ್ಲಿ ಏಣು ತಗಲುತ್ತದೆ. ತಲೆ ಮುಂದಿನಿಂದ ಹಿಂದಕ್ಕೆ ಕಿರಿದಾಗಿ, ಮೇಲಕ್ಕೆ ಎತ್ತರವಾಗಿ ಬೆಳೆಯುತ್ತದೆ. ಹೆಚ್ಚು ಜನ ಎಡವುವುದು ಇಲ್ಲಿಯೇ: ಕಿವಿಯಿಂದ ಕಿವಿಗೆ ಹೋಗುವ ಗೆರೆ ಬೆಸೆದಿದ್ದರೂ ಹಣೆಯಿಂದ ಹಿಂದಿನವರೆಗೆ ನಡುವೆ ಅಗಲವಾದ ಮೆತ್ತನೆ ಜಾಗ ಇರುವುದರಿಂದ ‘ನೆತ್ತಿ ತೆರೆದೇ ಇದೆ, ತೊಂದರೆಯಿಲ್ಲ’ ಎಂದುಕೊಳ್ಳುತ್ತಾರೆ. ಟೇಪಿನ ಅಳತೆಯೂ ಮೋಸ ಮಾಡೀತು, ಎತ್ತರ ಅದರಲ್ಲಿ ಸಿಗುವುದಿಲ್ಲ. ಪಕ್ಕದಿಂದ ನೋಡಿ. ಉಬ್ಬಿದ ಕಣ್ಣು, ಒಳಸೇರಿದ ನಡುಮುಖ ಆಗ ಕಾಣುತ್ತವೆ. ಬಾಯೊಳಗೆ ಟಾರ್ಚ್ ಬಿಟ್ಟು ಅಂಗುಳ ಸೀಳಿದೆಯೇ ಎಂದೂ ನೋಡಿ.

ಎಣ್ಣೆ ಹಚ್ಚಿ ಸ್ನಾನ ಮಾಡಿಸುವ ಅಜ್ಜಿಗೆ ಮೆಲ್ಲಗೆ ತಿಳಿಸಿ: ಈ ತಲೆ ಒತ್ತಿ ದುಂಡಗಾಗುವುದಿಲ್ಲ, ಮೂಳೆಯಿಲ್ಲದ ಜಾಗವನ್ನು ಒತ್ತಲೇಬಾರದು. ಕಾರಣ ಗ್ರಹಣವೂ ಅಲ್ಲ, ತಾಯಿ ತಿಂದದ್ದೂ ಅಲ್ಲ. ಎಫ್‌ಜಿಎಫ್‌ಆರ್2 ಎಂಬ ಜೀನ್‌ನ ಬದಲಾವಣೆ, ಬಹುಪಾಲು ಹೊಸದಾಗಿ ಆಗುವಂಥದ್ದು. ತಂದೆತಾಯಿಗೆ ಕಾಯಿಲೆ ಇಲ್ಲದಿದ್ದರೆ ಮುಂದಿನ ಮಗುವಿಗೆ ಬರುವ ಸಂಭವ ಬಹಳ ಕಡಿಮೆ. ಕಾಯಿಲೆ ಇರುವವರ ಪ್ರತಿ ಮಗುವಿಗೂ 50 ಶೇಕಡಾ.

ಮನೆಯಲ್ಲಿ ಮಾಡಬೇಕಾದದ್ದು: ಮಲಗಿದಾಗ ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕರಿಗುಡ್ಡೆ ಒಣಗಿ ಹುಣ್ಣಾಗುತ್ತದೆ, ವೈದ್ಯರು ಬರೆದ ಕಣ್ಣಿನ ಮುಲಾಮು ಒಂದು ರಾತ್ರಿಯೂ ತಪ್ಪಬಾರದು. ಅಂಗುಳ ಸೀಳಿದ್ದರೆ ತಲೆ ಎತ್ತಿ ಹಿಡಿದು ಸ್ವಲ್ಪಸ್ವಲ್ಪವೇ ಹಾಲು ಕೊಡಿ. ಬೆರಳ ಸಂದಿಯನ್ನು ತೊಳೆದು ಒರೆಸಿ. ಆಟಿಯ ಮಳೆಯ ತೇವದಲ್ಲಿ ಅಲ್ಲಿ ಚರ್ಮ ಬೇಗ ಕೊಳೆಯುತ್ತದೆ.

ಮಕ್ಕಳ ಆರೋಗ್ಯ ತಪಾಸಣೆಯ ಸರಕಾರಿ ಯೋಜನೆಯಾದ ಆರ್‌ಬಿಎಸ್‌ಕೆ ತಂಡಕ್ಕೆ ತಿಳಿಸಿ, ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮಕ್ಕಳ ತಜ್ಞರಿಗೆ ತೋರಿಸಿ. ಕೈಯ ಎಕ್ಸ್‌ರೇ, ಶ್ರವಣ ಪರೀಕ್ಷೆ, ಕಣ್ಣಿನ ಪರೀಕ್ಷೆ ಬರೆಸಿಕೊಳ್ಳಿ. ಬುರುಡೆಯ ಶಸ್ತ್ರಕ್ರಿಯೆ ಸಾಮಾನ್ಯವಾಗಿ ಮೊದಲ ವರ್ಷದೊಳಗೆ. ಬೆರಳು ಬಿಡಿಸುವುದು ಹಲವು ಹಂತಗಳಲ್ಲಿ. ತಲೆಬುರುಡೆ ಮತ್ತು ಮುಖದ ಶಸ್ತ್ರಕ್ರಿಯೆ ಮಾಡುವ ತಂಡ ದೊಡ್ಡ ಊರುಗಳಲ್ಲೇ ಇರುವುದು. ಘಾಟಿ ಕುಸಿದು ರಸ್ತೆ ಮುಚ್ಚುವ ಮಳೆಗಾಲಕ್ಕೆ ಮೊದಲೇ ದಿನ ಗೊತ್ತುಮಾಡಿಕೊಳ್ಳಿ.

ಆದರೆ ನಿದ್ದೆಯಲ್ಲಿ ಉಸಿರು ನಿಂತುನಿಂತು ಬಂದರೆ, ತುಟಿ ನೀಲಿಗಟ್ಟಿದರೆ, ಎದೆ ಒಳಕ್ಕೆ ಸೆಳೆದುಕೊಂಡರೆ, ಪದೇಪದೇ ವಾಂತಿಯಾಗಿ ಮಗು ಮಂಕಾದರೆ, ನೆತ್ತಿ ಉಬ್ಬಿ ಬಿಗಿದರೆ ಗೊತ್ತುಮಾಡಿದ ದಿನಕ್ಕೆ ಕಾಯಬೇಡಿ. 108ಕ್ಕೆ ಕರೆ ಮಾಡಿ.